ಅತ್ತೆಯ ಧಾರೆ ಸೀರೆ ಮತ್ತು ನನ್ನ ನಿಲ್ಲದ ಮುಟ್ಟು

ನಾನು ಅಜ್ಜಿಯಾಗಿದ್ದೇನೆ! ಮೊದಲು ಇದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಬರೆಯಲು ಕೈ ಓಡುವುದಿಲ್ಲ. ನನ್ನ ಮಗಳು ರತ್ನ ಹೆಣ್ಣುಕೂಸು ಹೆತ್ತಿದ್ದಾಳೆ. ತಲೆ ತುಂಬ ಕೂದಲು, ಕೆನ್ನೆಯಲ್ಲಿ ಗುಳಿ. ಅಳುವುದಕ್ಕೆ ಶುರು ಮಾಡಿತೆಂದರೆ ನಮ್ಮ ಕತ್ರಿಗುಪ್ಪೆಯಲ್ಲಿ ಅತ್ತಿದ್ದು ಬನಶಂಕರಿ ಗುಡಿಯವರೆಗೂ ಕೇಳಿಸಬೇಕು, ಅಂಥ ಗಂಟಲು. ಅದನ್ನು ಮಡಿಲಲ್ಲಿ ಹಾಕಿಕೊಂಡು ಕೂತರೆ ನನಗೆ ಹಸಿವಿಲ್ಲ, ನಿದ್ದೆಯಿಲ್ಲ, ಒಲೆಯ ಮೇಲೆ ಸಾರು ಸೀದರೂ ಗೊತ್ತಾಗುವುದಿಲ್ಲ. ನಮ್ಮನೆಯವರು ನಗುತ್ತಾರೆ. "ಮೂವತ್ತೈದಕ್ಕೇ ಅಜ್ಜಿ ಆಗಿದೀಯ, ಇಷ್ಟ್ ಕುಣೀತೀಯಲ್ಲ, ನಾಚ್ಕೆ ಆಗಲ್ವ?" ಎನ್ನುತ್ತಾರೆ. ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎನ್ನುವುದನ್ನೇ ಈಗ ಬರೆಯಲು ಕೂತಿದ್ದೇನೆ.

ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಿ. ಬರೆಯಬೇಕು ಅನ್ನಿಸಿದ್ದು ರತ್ನಳಿಂದ. ಮೊನ್ನೆ ಒಂದು ಬೆಳಿಗ್ಗೆ ಹಿತ್ತಲ ಬಾಗಿಲ ಹತ್ತಿರ ನಿಂತು, "ಅಮ್ಮಾ, ಸ್ವಲ್ಪ ಇಲ್ ಬಾ" ಎಂದು ಪಿಸುಗುಟ್ಟಿದಳು. ಮುಖ ಬಿಳಿಚಿಕೊಂಡಿತ್ತು.

"ನಾನು ಹೊರಗಾಗಿದೀನಿ ಅಮ್ಮ. ಹಾಲು ಕುಡಿಸೋವಾಗ ಬರಲ್ಲ ಅಂತಿದ್ರು, ಇಷ್ಟ್ ಬೇಗ ಬಂದ್ಬಿಟ್ಟಿದೆ. ಮುಂಚಿನ ತರಾನೂ ಇಲ್ಲ, ಗಡ್ಡೆ ಗಡ್ಡೆ ಹೋಗ್ತಿದೆ. ನಂಗೇನಾದ್ರೂ ಆಗ್ಬಿಟ್ಟಿದ್ಯಾ?"

ಆ ಪ್ರಶ್ನೆ ಕೇಳಿದ ತಕ್ಷಣ ನನಗೆ ನನ್ನ ಹದಿನೇಳು ಹದಿನೆಂಟರ ಮುಖ ಕಂಡಹಾಗಾಯಿತು. ನಾನು ಕೂಡ ಅದೇ ಬಾಗಿಲಲ್ಲಿ ನಿಂತು ಅದೇ ಪ್ರಶ್ನೆಯನ್ನು ಬಾಯೊಳಗೇ ನುಂಗಿಕೊಂಡವಳು. ಅವಳನ್ನು ಹಿತ್ತಲ ಕಲ್ಲಿನ ಮೇಲೆ ಕೂರಿಸಿ ಎಲ್ಲ ಹೇಳಿದೆ. ಆ ಕಥೆಯಲ್ಲಿ ಅವಳೂ ಇದ್ದಳು, ಅವಳಿಗೆ ಗೊತ್ತಿರಲಿಲ್ಲ ಅಷ್ಟೆ. ಹೀಗೆ ಬಾಗಿಲ ಮರೆಯಲ್ಲಿ ನಿಂತು ಹೆದರುವ ಹೆಣ್ಣುಮಕ್ಕಳು ಇನ್ನೆಷ್ಟು ಮನೆಯಲ್ಲಿದ್ದಾರೋ, ಅವರಿಗೂ ಹೇಳೋಣ ಅನ್ನಿಸಿತು.

ನನ್ನ ತವರು ಗೊಟ್ಟಿಗೆರೆ. ಕತ್ರಿಗುಪ್ಪೆಗೆ ಸೊಸೆಯಾಗಿ ಬಂದಾಗ ಜಯನಗರ ಅನ್ನುವುದು ಹೊಲಗಳ ನಡುವೆ ನೆಟ್ಟ ಕಲ್ಲುಗಳು, ಅಷ್ಟೇ ಆಗಿತ್ತು. ನಮ್ಮನೆಯವರದು ಹೂವಿನ ಬೇಸಾಯ. ಕನಕಾಂಬರ, ಸೇವಂತಿಗೆ, ಒಂದು ಮೂಲೆಯಲ್ಲಿ ದವನ. ಬೆಳಕು ಹರಿಯುವ ಹೊತ್ತಿಗೆ ಹೂ ಬಿಡಿಸಿ, ಒದ್ದೆ ಬಟ್ಟೆ ಮುಚ್ಚಿ, ಬುಟ್ಟಿ ಹೊತ್ತು ಗಾಂಧಿ ಬಜಾರಿಗೆ ನಡೆಯುತ್ತಿದ್ದೆವು. ನಾನು ಬಂದ ವರ್ಷದಲ್ಲೇ ಬಸುರಿಯಾದೆ. ರತ್ನ ಮನೆಯಲ್ಲೇ ಹುಟ್ಟಿದಳು. ಕೂಸು ಸುಖವಾಗಿ ಬಂತು, ಮಾಸು ಬೀಳುವುದು ಮಾತ್ರ ತಡವಾಯಿತು. ಬಿದ್ದಮೇಲೆ ಎಲ್ಲರೂ ಉಸ್ಸಪ್ಪಾ ಎಂದರು.

ನಮ್ಮ ಅತ್ತೆ ಮುನಿಯಮ್ಮ ನನಗೆ ಹೆತ್ತ ಮಗಳಿಗಿಂತ ಹೆಚ್ಚಾಗಿ ಬಾಣಂತನ ಮಾಡಿದರು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೈಗೆ ಕುದಿಯುವ ನೀರು. ಊಟಕ್ಕೆ ಮೆಣಸಿನ ಸಾರು, ಅನ್ನ, ತುಪ್ಪ, ಸುಟ್ಟ ಬೆಳ್ಳುಳ್ಳಿ. ಮುದ್ದೆ ಇಲ್ಲ, ಅದು ತಂಪು. ಕಾಳಿಲ್ಲ, ಅದು ವಾಯು. ಸೊಪ್ಪಿನ ಹೆಸರನ್ನೇ ಎತ್ತಬಾರದು. ನೀರು ಕೂಡ ಗಂಟಲು ಒದ್ದೆಯಾಗುವಷ್ಟು. "ಹಸಿ ಮೈ ಕಣಮ್ಮಿ, ಒಣಗೋಗಂಟ ತಡ್ಕೋ" ಎನ್ನುತ್ತಿದ್ದರು. ತಡೆದುಕೊಂಡೆ.

ಆದರೆ ಮೈ ಒಣಗಲಿಲ್ಲ. ಹೆರಿಗೆಯ ರಕ್ತ ನಿಂತಿತು ಎನ್ನುವಷ್ಟರಲ್ಲಿ ಮತ್ತೆ ಬಂತು. ಕೆಲವು ದಿನ ಬಟ್ಟೆಗೆ ಕಂದು ಕಲೆ ಅಷ್ಟೇ. ಆಮೇಲೆ ಕೊಡ ಬಗ್ಗಿಸಿದ ಹಾಗೆ. ನಿಂತಿತು ಎಂದು ತಲೆಗೆ ಎರೆದುಕೊಂಡು ಒಳಗೆ ಬಂದರೆ, ಕೂದಲು ಒಣಗುವ ಮೊದಲೇ ಮತ್ತೆ ಹೊರಗೆ. ಯಾವುದು ಮುಟ್ಟು, ಯಾವುದು ಹೆರಿಗೆಯದು ಎಂದು ನನಗೇ ತಿಳಿಯದಾಯಿತು.

ನಮ್ಮ ಊರಲ್ಲಿ ಹೊರಗಾದವಳು ಹೂವಿನ ಹೊಲಕ್ಕೆ ಕಾಲಿಡುವ ಹಾಗಿಲ್ಲ. ಹೂ ಸುಟ್ಟುಹೋಗುತ್ತದೆ ಎಂದು ನಂಬಿಕೆ. ಹಾಗಾಗಿ ಯಾರ ಮನೆಯ ಸೊಸೆ ಯಾವಾಗ ಹೊರಗಾದಳು ಎಂದು ಇಡೀ ಊರಿಗೆ ತಿಳಿಯುತ್ತದೆ. ಬದುವಿನ ಮೇಲೆ ಕೂತಿದ್ದರೆ ಹೊರಗಾಗಿದ್ದಾಳೆ, ಸಾಲಿನಲ್ಲಿ ಬಗ್ಗಿದ್ದರೆ ಇಲ್ಲ. ಬೇರೆಯವರು ಮೂರು ದಿನ ಕೂತು ಎದ್ದು ಹೋಗುತ್ತಿದ್ದರು. ನಾನು ಬದುವಿನ ಮೇಲೆಯೇ ಬೇರು ಬಿಟ್ಟೆ.

"ಏನೇ ಗೊಟ್ಟಿಗೆರೆಯವ್ಳೇ, ಬದ ನಿಂಗೇ ಬರ್ಕೊಟ್ರಾ?" ಎಂದು ಪಕ್ಕದ ಹೊಲದ ಕೆಂಪಮ್ಮ ಕೂಗುತ್ತಿದ್ದಳು.

"ಊ ಕಣಕ್ಕ, ನಿಂಗೂ ಜಾಗ ಐತೆ ಬಾ" ಎನ್ನುತ್ತಿದ್ದೆ. ನಗುವುದು ಬಾಯಿ ಮಾತ್ರ. ಬದುವಿನ ತುಂಬ ಅಣ್ಣೆಸೊಪ್ಪು, ಹೊನಗೊನ್ನೆ ಸೊಪ್ಪು ಹುಲುಸಾಗಿ ಬೆಳೆದಿರುತ್ತಿತ್ತು. ಅದರ ನಡುವೆ ಕೂತು ಬಾಯಲ್ಲಿ ನೀರೂರಿಸಿಕೊಳ್ಳುತ್ತಿದ್ದೆ.

ಕೂಸಿನದು ಇನ್ನೊಂದು ಪಾಡು. ಹೊರಗಾದವಳು ಮುಟ್ಟಿದ ಬಟ್ಟೆ ಮೈಲಿಗೆ. ಬಟ್ಟೆ ಇಲ್ಲದ ಕೂಸಿಗೆ ಮೈಲಿಗೆ ಇಲ್ಲ. ಅದಕ್ಕೆ ಹಾಲು ಕುಡಿಸುವ ಹೊತ್ತಿಗೆ ಅತ್ತೆ ಕೂಸಿನ ಬಟ್ಟೆ ಬಿಚ್ಚಿ, ಬರಿಮೈಯಲ್ಲಿ ನನ್ನ ಮಡಿಲಿಗೆ ಬಿಡುತ್ತಿದ್ದರು. ಕುಡಿದ ಮೇಲೆ ನಾನು ನೆಲದಲ್ಲಿ ಮಲಗಿಸಬೇಕು, ಅವರು ನೀರು ಚಿಮುಕಿಸಿ ಎತ್ತಿಕೊಂಡು ಮತ್ತೆ ಬಟ್ಟೆ ತೊಡಿಸಬೇಕು. ಮೂರು ದಿನದ ಮಾತಾದರೆ ನಡೆಯುತ್ತದೆ. ನನ್ನದು ಮುಗಿಯದ ಮುಟ್ಟು. ಚಳಿಗಾಲ ಬಂತು. ಬಿಚ್ಚಿ ತೊಡಿಸಿ ಕೂಸಿಗೆ ನೆಗಡಿ ಹಿಡಿಯಿತು, ಮೂಗು ಕಟ್ಟಿ ಹಾಲು ಎಳೆಯಲಾಗದೆ ಚೀರುತ್ತಿತ್ತು. ಕಂಬಳಿಗೆ ಮೈಲಿಗೆ ಇಲ್ಲವೆಂದು ಅತ್ತೆ ಕಂಬಳಿ ಚೂರಲ್ಲಿ ಸುತ್ತಿ ನೋಡಿದರು. ಕೂಸಿನ ಮೈಯೆಲ್ಲ ಕೆಂಪಗೆ ಗಂಧೆ ಎದ್ದಿತು.

ಒಂದು ಮಧ್ಯಾಹ್ನ ಒಳಗಿನಿಂದ ಪರ್ ಎಂದು ಬಟ್ಟೆ ಹರಿಯುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಕೂಸನ್ನು ಎತ್ತಿಕೊಂಡು ಹೊರಗೆ ಬಂದರು. ಕೂಸಿನ ಮೈಮೇಲೆ ಕುಂಕುಮ ಬಣ್ಣದ ರೇಷ್ಮೆ ಜುಬ್ಬ, ತೋಳಿಗೆ ಜರಿ ಅಂಚು. ಅದು ಅತ್ತೆಯ ಧಾರೆ ಸೀರೆ. ಅವರ ಪೆಟ್ಟಿಗೆಯಲ್ಲಿ ಇದ್ದ ಒಂದೇ ಒಂದು ರೇಷ್ಮೆ. ರೇಷ್ಮೆಗೆ ಮೈಲಿಗೆ ತಟ್ಟುವುದಿಲ್ಲ ನೋಡಿ, ಕೂಸು ಅದನ್ನು ತೊಟ್ಟುಕೊಂಡು ಅಮ್ಮನ ಹತ್ತಿರಕ್ಕೂ ಹೋಗಬಹುದು, ಅಡಿಗೆ ಮನೆಗೂ ಹೋಗಬಹುದು.

"ಯಾಕತ್ತೆ ಹರಿದ್ರಿ?" ಎಂದೆ.

"ಇನ್ನೊಂದ್ ಮದ್ವೆ ಮಾಡ್ಕೊಳಕೆ ಹೊಯ್ತೀನಾ? ಹಿಡ್ಕೋ, ಹಾಲ್ ಕುಡ್ಸು."

ಅಂದಿನಿಂದ ರತ್ನ ಊರಿಗೆಲ್ಲ ರಾಣಿ ಕೂಸು. ಕೊಟ್ಟಿಗೆಯಲ್ಲಿ ರೇಷ್ಮೆ ತೊಟ್ಟು ಸಗಣಿಯ ಪಕ್ಕ ಅಂಬೆಗಾಲಿಡುವ ರಾಣಿ.

ಹೀಗೆ ನಗುತ್ತಿದ್ದರೂ ಎದೆಯೊಳಗೆ ಒಂದು ಕಲ್ಲಿತ್ತು. ಗೊಟ್ಟಿಗೆರೆಯಲ್ಲಿ ನನ್ನ ದೊಡ್ಡಮ್ಮನಿಗೂ ಹೀಗೇ ನಿಲ್ಲದೆ ಹೋಗುತ್ತಿತ್ತು. ಹೊಟ್ಟೆಯೊಳಗೆ ಹುಣ್ಣು ಎಂದರು. ನಾನು ಲಂಗ ತೊಡುವ ವಯಸ್ಸಿನಲ್ಲಿ ಅವಳ ಕಾಲು ಒತ್ತುತ್ತಿದ್ದೆ. ಅಂಗಾಲು ಸುಣ್ಣದ ಹಾಗೆ ಬೆಳ್ಳಗಿತ್ತು. ಅವಳು ಉಳಿಯಲಿಲ್ಲ. ಈಗ ನನ್ನ ಅಂಗಾಲೂ ಹಾಗೇ ಕಾಣುತ್ತಿತ್ತು. ನನ್ನ ಬಟ್ಟೆ ಒಗೆದು ಎದ್ದರೆ ಕಣ್ಣು ಕತ್ತಲೆ ಬರುತ್ತಿತ್ತು, ಎದೆ ಡವಡವ ಎನ್ನುತ್ತಿತ್ತು. ರತ್ನಳಿಗೆ ನನ್ನ ಮುಖದ ಗುರುತು ಉಳಿಯುತ್ತದೋ ಇಲ್ಲವೋ ಎಂದು ಹಾಲು ಕುಡಿಸುವಾಗ ಅವಳ ಕಣ್ಣಿಗೆ ಕಣ್ಣಿಟ್ಟು ಕೂರುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ.

ಅತ್ತೆ ಬನಶಂಕರಮ್ಮನಿಗೆ ಹರಕೆ ಹೊತ್ತು, ಮಂಗಳವಾರ ನಿಂಬೆಹಣ್ಣಿನ ದೀಪ ಹಚ್ಚಲು ಹೋದರು. ನಾನು ಹೋಗುವ ಹಾಗಿಲ್ಲವಲ್ಲ, ನನ್ನ ಬದಲು ಕೂಸನ್ನು ಎತ್ತಿಕೊಂಡು ಹೋದರು. ಗುಡಿಯಲ್ಲಿ ಪಕ್ಕದಲ್ಲಿ ದೀಪ ಹಚ್ಚುತ್ತಿದ್ದ ಹೆಂಗಸೊಬ್ಬಳು ಸುಮ್ಮನಿರಲಾರದೆ ಕೇಳಿದಳಂತೆ, "ಏನಮ್ಮಾ, ಕೂಸಿಗೆ ಇವತ್ತು ಹುಟ್ಟಿದಬ್ಬಾನಾ, ರೇಷ್ಮೆ ಹಾಕಿದೀರಲ್ಲ?" ಎಂದು. ನಮ್ಮ ಅತ್ತೆಗೆ ಮೆಲ್ಲಗೆ ಮಾತಾಡುವುದು ಗೊತ್ತಿಲ್ಲ. ದೇವಿಯ ಮುಂದೆಯೇ ಮೊದಲಿನಿಂದ ಕೊನೆತನಕ ಹೇಳಿದರಂತೆ. ಆ ಹೆಂಗಸು ಕೇಳಿ ಕೇಳಿ, "ಅದು ಮುಟ್ಟಲ್ಲ ಕಣಮ್ಮ, ಕಾಯ್ಲೆ. ನನ್ ತಂಗೀಗೂ ಹಂಗೇ ಆಗಿತ್ತು, ಈಗ ಕಲ್ಗುಂಡ್ ಇದ್ದಂಗವ್ಳೆ. ದೊಡ್ಡಾಸ್ಪತ್ರೇಲಿ ಲೇಡಿ ಡಾಕ್ಟ್ರು ನೋಡ್ತಾರೆ, ಕರ್ಕೊಂಡೋಗಿ" ಎಂದಳಂತೆ.

ಅತ್ತೆ ಮನೆಗೆ ಬಂದವರೇ ಮಗನಿಗೆ ಹೇಳಿದರು: "ನಾಳೆ ಹೂವಿನ ಬುಟ್ಟಿ ಬ್ಯಾಡ. ಗಾಡಿಗೆ ಹುಲ್ ಹಾಸು. ಅಮ್ಮ ಹೇಳವ್ಳೆ, ಆಸ್ಪತ್ರೆಗೆ ಹೋಗ್ಬೇಕು."

ಯಾವ ಅಮ್ಮ, ಗುಡಿಯವಳೋ ಪಕ್ಕದವಳೋ ಎಂದು ನಮ್ಮನೆಯವರು ಕೇಳಲಿಲ್ಲ. ಹುಲ್ಲು ಹಾಸಿದರು.

ಆಸ್ಪತ್ರೆಯ ಹೊರಗಿನ ಮರದ ಕೆಳಗೆ ಗಾಡಿ ಬಿಟ್ಟು ಅವರು ಅಲ್ಲೇ ಉಳಿದರು, ಗಂಡಸರನ್ನು ಒಳಗೆ ಬಿಡುವುದಿಲ್ಲ. ಒಳಗೆ ಉದ್ದನೆಯ ಬೆಂಚು, ಫಿನಾಯಿಲ್ ವಾಸನೆ, ಅಳುವ ಕೂಸುಗಳು. ನಾನು ಬೆಂಚಿನ ಮೇಲೆ ಕೂರಲು ಹಿಂದೆಮುಂದೆ ನೋಡಿದೆ. ಹೊರಗಾದವಳು, ಎಲ್ಲರ ಪಕ್ಕ ಹೇಗೆ ಕೂರುವುದು? ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಬೆಂಚಿನಲ್ಲಿದ್ದ ಒಬ್ಬರು ದಪ್ಪನೆಯ ಅಮ್ಮ ನನ್ನನ್ನೇ ನೋಡಿದರು. ಹಣೆಯಲ್ಲಿ ವಿಭೂತಿ, ಕೈ ತುಂಬ ಬಳೆ. ಪೇಟೆಯಲ್ಲಿ ಬಟ್ಟೆ ಅಂಗಡಿಯವರಂತೆ, ಆಮೇಲೆ ಹೇಳಿದರು.

"ಯಾಕವ್ವ ಕೆಳಗ್ ಕೂತಿ? ಮೇಲ್ ಬಾ."

ನಾನು ತಲೆ ತಗ್ಗಿಸಿ, "ಹೊರಗಾಗಿದೀನಿ ಅಮ್ಮಾವ್ರೆ" ಎಂದೆ.

ಅವರು ಹೊಟ್ಟೆ ಕುಣಿಯುವ ಹಾಗೆ ನಕ್ಕರು. "ಇಲ್ಲಿರೋರೆಲ್ಲ ಅದ್ಕೇ ಬಂದಿರೋದು ಕಣವ್ವ! ನಂದು ಮಗು ಆದ್ಮೇಲೆ ಬಂದೇ ಇಲ್ಲ, ನಿಂದು ನಿಂತೇ ಇಲ್ಲ. ಇಬ್ರದೂ ಸೇರ್ಸಿ ಸಮಪಾಲು ಮಾಡ್ಕೊಡಿ ಅಂತ ಡಾಕ್ಟ್ರನ್ನ ಕೇಳಾಣ, ಬಾ."

ಪಕ್ಕದ ಹೆಂಗಸರೆಲ್ಲ ನಕ್ಕರು. ಒಬ್ಬಳು ಸರಿದು ಜಾಗ ಕೊಟ್ಟಳು. ನಾನು ಬೆಂಚಿನ ಮೇಲೆ ಕೂತೆ, ಆ ಕಡೆ ಒಬ್ಬಳ ತೋಳು, ಈ ಕಡೆ ಒಬ್ಬಳ ತೋಳು ತಾಗಿಕೊಂಡು. ಎಷ್ಟೋ ತಿಂಗಳ ಮೇಲೆ ಮನುಷ್ಯರ ಪಕ್ಕ ಕೂತಿದ್ದು. ಮದ್ದು ಕೊಡುವ ಮುಂಚೆಯೇ ಅರ್ಧ ವಾಸಿಯಾದ ಹಾಗಾಯಿತು. ಎಲ್ಲರ ಮಾತು ಕೇಳಿದರೆ ಒಬ್ಬೊಬ್ಬರದು ಒಂದೊಂದು ತರ. ಒಬ್ಬಳಿಗೆ ತಿಂಗಳು ಬಿಟ್ಟು ತಿಂಗಳು, ಒಬ್ಬಳಿಗೆ ಮುಂಚೆ ಇಲ್ಲದ ನೋವು, ಇನ್ನೊಬ್ಬಳಿಗೆ ಮುಂಚೆ ಇದ್ದ ನೋವೇ ಮಾಯ. ಹೆತ್ತ ಮೇಲೆ ಹೀಗೆ ಬದಲಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಲೇಡಿ ಡಾಕ್ಟರು ಕನ್ನಡಕದವರು, ಮಾತು ಕಡಿಮೆ. ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು, ಹೊಟ್ಟೆ ಒತ್ತಿದರು, ಒಳಗೂ ಪರೀಕ್ಷೆ ಮಾಡಿದರು. ನಾಚಿಕೆಯಿಂದ ನಾನು ಮಾಡಿನ ಹೆಂಚು ಎಣಿಸುತ್ತಿದ್ದೆ. ಆಮೇಲೆ ಅತ್ತೆಯ ಕಡೆ ತಿರುಗಿ, "ಊಟಕ್ಕೆ ಏನು ಕೊಡ್ತೀರಿ ಇವಳಿಗೆ?" ಎಂದರು.

ಅತ್ತೆ ಹೆಮ್ಮೆಯಿಂದ ಹೇಳಿದರು: "ಮೆಣಸಿನ ಸಾರು ಅನ್ನ ಡಾಕ್ಟ್ರಮ್ಮ. ಬೇರೇದು ಒಂದಗುಳೂ ಸೋಕ್ಸಿಲ್ಲ."

"ಸೊಪ್ಪು?"

"ಶಿವ ಶಿವಾ! ಹಸಿ ಬಾಣಂತಿಗೆ ಸೊಪ್ಪಾ?"

"ಮುದ್ದೆ? ಕಾಳು?"

"ಊಹೂಂ."

ಅಷ್ಟರಲ್ಲಿ ರತ್ನ ಅತ್ತೆಯ ತೊಡೆಯಿಂದ ಇಳಿದು, ರೇಷ್ಮೆ ಜುಬ್ಬ ಎಳೆದುಕೊಂಡು, ಡಾಕ್ಟರ ಮೇಜಿನ ಕಾಲು ಹಿಡಿದು ಎದ್ದು ನಿಂತಿತು. ಡಾಕ್ಟರು ಅದನ್ನು ನೋಡಿದರು. "ಇದಾ ಆ ಮಗು? ಇದು ನಡೆಯೋಕೆ ಶುರು ಮಾಡೋ ಹಾಗಿದೆ. ಇನ್ನೂ ಹಸಿ ಬಾಣಂತೀನಾ ಇವಳು?"

"ರಕ್ತ ನಿಲ್ದೆ ಮೈ ಹೆಂಗೆ ಒಣಗ್ತದೆ ಡಾಕ್ಟ್ರಮ್ಮ? ನಿಲ್ಲಲಿ, ಅವತ್ತೇ ಸೊಪ್ಪು ಬೇಯಿಸ್ತೀನಿ."

"ನೀವು ರಕ್ತ ನಿಲ್ಲಲಿ ಅಂತ ಪಥ್ಯ ಹಿಡಿಸ್ತಿದ್ದೀರಿ. ಇವಳ ಮೈಯಲ್ಲಿ ಹೋಗೋದಕ್ಕೂ ಇನ್ನು ರಕ್ತ ಇಲ್ಲ ಅಮ್ಮ. ಹೋದದ್ದು ತುಂಬೋದು ಹೇಗೆ? ಮುದ್ದೆ, ಸೊಪ್ಪು, ಕಾಳು, ಎಲ್ಲ ಕೊಡಬೇಕು." ಜೋರಾಗಿ ಹೇಳಲಿಲ್ಲ, ತಮ್ಮ ಅಕ್ಕನಿಗೆ ಹೇಳುವ ಹಾಗೆ ಹೇಳಿದರು. ಒಳಗೆ ಏನೋ ಉಳಿದ ಹಾಗಿದೆ, ಮಂಪರಿನ ಮದ್ದು ಕೊಟ್ಟು ಶುದ್ಧ ಮಾಡುತ್ತೇವೆ, ತೆಗೆದದ್ದನ್ನು ಪರೀಕ್ಷೆಗೆ ಕಳಿಸುತ್ತೇವೆ ಎಂದರು.

ಪರೀಕ್ಷೆ ಯಾತಕ್ಕೆ ಎಂದು ಅತ್ತೆ ಕೇಳಿದರು. "ಕೆಟ್ಟ ಹುಣ್ಣು ಏನಾದ್ರೂ ಇದೆಯಾ ಅಂತ. ಇರಲಾರದು. ಆದರೂ ನೋಡಬೇಕು."

ಆ ಮಾತು ಕೇಳಿ ನನಗೆ ದೊಡ್ಡಮ್ಮನ ಅಂಗಾಲು ಕಣ್ಣ ಮುಂದೆ ಬಂತು. ಆಗಲೇ ಮೊದಲ ಸಲ ಬಾಯಿಬಿಟ್ಟೆ. "ಅತ್ತೆ, ನನ್ ದೊಡ್ಡಮ್ಮಂಗೂ..." ಎಂದೆ.

"ಗೊತ್ತು ಕಣಮ್ಮಿ," ಎಂದರು ಅತ್ತೆ. "ಸಂಬಂಧ ಮಾಡೋವಾಗ್ಲೇ ಗೊತ್ತಿತ್ತು. ನಿಂಗೆ ಹೆದ್ರಿಕೆ ಆಗ್ಬಾರ್ದು ಅಂತ ನಾನೇ ಸುಮ್ಕಿದ್ದೆ."

ಇಷ್ಟು ದಿನ ಇಬ್ಬರೂ ಒಂದೇ ಕಲ್ಲನ್ನು ಬೇರೆ ಬೇರೆ ಹೊತ್ತಿದ್ದೆವು.

ಶುದ್ಧ ಮಾಡಿದ್ದು ನನಗೆ ನೆನಪಿಲ್ಲ. ಮೂಗಿಗೆ ಬಟ್ಟೆ ಹಿಡಿದರು, ಸಿಹಿ ಸಿಹಿ ಘಾಟು, ಅಷ್ಟೆ. ಎದ್ದಾಗ ಬಾಯಿ ಕಹಿ, ಹೊಟ್ಟೆಯೊಳಗೆ ಹಿಂಡಿದ ನೋವು. ಮಾರನೆಯ ದಿನ ಅತ್ತೆ ಹಿತ್ತಾಳೆ ಡಬರಿಯ ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಂದರು. ಬಿಚ್ಚಿದರೆ ಬಿಸಿ ಮುದ್ದೆ, ಮಸೊಪ್ಪು! ನಮ್ಮ ಬದುವಿನ ಸೊಪ್ಪೇ, ವಾಸನೆಯಿಂದಲೇ ಗೊತ್ತಾಯಿತು. ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ನನ್ನ ಬಾಯಿಗೆ ಹಿಡಿದರು.

"ಉಣ್ಣು. ಡಾಕ್ಟ್ರಮ್ಮ ಹೇಳವ್ಳೆ. ವಾಯು ಹಿಡಿದ್ರೆ ಅವ್ಳನ್ನೇ ಕೇಳಾಣ."

ನಾನು ಅಳುತ್ತಾ ನುಂಗಿದೆ. ಅಂಥ ಮುದ್ದೆ ನಾನು ಆಮೇಲೆ ಉಂಡಿಲ್ಲ.

ಕಷ್ಟದ್ದು ಆಮೇಲೆ, ಪರೀಕ್ಷೆಯ ಫಲ ಬರುವವರೆಗೆ ಕಾಯುವುದು. ಮನೆಗೆ ಬಂದೆ. ರಕ್ತ ನಿಂತಿತ್ತು. ನಿಂತರೂ ನಂಬಿಕೆಯಿಲ್ಲ, ಗಳಿಗೆಗೊಮ್ಮೆ ನೋಡಿಕೊಳ್ಳುತ್ತಿದ್ದೆ. ಹೂವಿನ ಸಾಲಿಗೆ ಇಳಿಯಬಹುದಿತ್ತು, ಇಳಿಯಲಿಲ್ಲ. ನಮ್ಮನೆಯವರು ಎತ್ತುಗಳ ಜೊತೆ ಮಾತ್ರ ಮಾತಾಡುತ್ತಿದ್ದರು. ಅತ್ತೆ ಮೂರು ಹೊತ್ತೂ ಸೊಪ್ಪು ಬೇಯಿಸುತ್ತಿದ್ದರು. ಮನೆಯವರೆಲ್ಲ ಸೊಪ್ಪು ತಿಂದು ತಿಂದು ಸಾಕಾದರು.

ಹೇಳಿದ ದಿನ ಮತ್ತೆ ಗಾಡಿ ಕಟ್ಟಿದೆವು. ಅದೇ ಬೆಂಚು. ಬಟ್ಟೆ ಅಂಗಡಿಯ ಅಮ್ಮ ಇರಲಿಲ್ಲ, ಇದ್ದಿದ್ದರೆ ಎನ್ನಿಸಿತು. ನನ್ನ ಹೆಸರು ಕೂಗಿದಾಗ ಅತ್ತೆ ರತ್ನಳನ್ನು ಎದೆಗೆ ಒತ್ತಿ ಹಿಡಿದಿದ್ದಕ್ಕೆ ಅದು ಕಿರುಚಿಕೊಂಡಿತು.

ಡಾಕ್ಟರು ಕಾಗದ ಓದಿ ಕನ್ನಡಕ ತೆಗೆದು ನಕ್ಕರು. ಅವರು ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

"ಹುಣ್ಣೂ ಇಲ್ಲ ಏನೂ ಇಲ್ಲ. ಮಾಸಿನ ಒಂದು ಚೂರು ಒಳಗೇ ಅಂಟಿಕೊಂಡಿತ್ತು ಕಣಮ್ಮ. ಈ ನಿನ್ನ ಮಗಳ ಜೊತೆ ಆಚೆ ಬರಬೇಕಾದ್ದು, ಈಗ ಬಂತು."

ಅತ್ತೆ ಡಾಕ್ಟರ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ವಮ್ಮೀ, ಆ ಒಂದ್ ಚೂರಿಗೆ ನನ್ ಸೀರೆ ಹೋಯ್ತಲ್ಲೇ!" ಎಂದರು. ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಮಾತ್ರ ನಕ್ಕೆ. ನಕ್ಕು ನಕ್ಕು ಅಲ್ಲಿಯೇ ಕುಸಿದು ಕೂತೆ.

ಹೊರಗೆ ಬಂದಾಗ ನಮ್ಮನೆಯವರು ನೊಗ ಹಿಡಿದು ನಿಂತಿದ್ದರು. ಅತ್ತೆ ದೂರದಿಂದಲೇ ಕೂಗಿ ಹೇಳಿದರು. ಅವರು ಎತ್ತಿನ ಬೆನ್ನು ತಟ್ಟಿದರು. ಮರುದಿನ ಬೆಳಿಗ್ಗೆ ಬಾವಿಕಟ್ಟೆಗೆ ಹೋದರೆ, ಕಟ್ಟೆಯ ಮೇಲೆ ಎಲೆಯಲ್ಲಿ ಒಂದು ಮೊಳ ಕನಕಾಂಬರ. ಯಾರಿಟ್ಟರು ಎಂದು ನಾನು ಕೇಳಲಿಲ್ಲ. ಕೂಸು ಹುಟ್ಟಿದ ಮೇಲೆ ನಾನು ಮುಡಿದ ಮೊದಲ ಹೂವು ಅದು. ಮುಡಿದುಕೊಂಡೇ ಹೂವಿನ ಸಾಲಿಗೆ ಇಳಿದೆ. ಕೆಂಪಮ್ಮ ಆ ಹೊಲದಿಂದ, "ಬದ ಖಾಲಿ ಮಾಡ್ದೇನೇ?" ಎಂದಳು.

ಆಮೇಲೆ ಎಲ್ಲ ಒಂದೇ ಸಲ ನೆಟ್ಟಗಾಯಿತು ಎಂದರೆ ಸುಳ್ಳಾಗುತ್ತದೆ. ರಕ್ತ ತುಂಬಲೆಂದು ಕಪ್ಪು ಗುಳಿಗೆ ನುಂಗಿದೆ, ಸೊಂಟಕ್ಕೆ ಸೂಜಿ ಚುಚ್ಚಿಸಿಕೊಂಡೆ. ಕೆಲವು ತಿಂಗಳು ಮುಟ್ಟು ಬರಲೇ ಇಲ್ಲ, ಅದಕ್ಕೂ ಹೆದರಿದೆ. ಬಂದಾಗ ಮದುವೆಗೆ ಮುಂಚಿನ ತರ ಇರಲಿಲ್ಲ, ಬೇರೆ ಯಾರದೋ ಮೈ ಹೊತ್ತ ಹಾಗೆ. ನಿಧಾನವಾಗಿ ಅದೇ ನನ್ನ ಮೈ ಎಂದು ಅಭ್ಯಾಸವಾಯಿತು. ಆಮೇಲೆ ಇಬ್ಬರು ಗಂಡುಮಕ್ಕಳನ್ನೂ ಹೆತ್ತೆ.

ಇಷ್ಟನ್ನೂ ಹಿತ್ತಲ ಕಲ್ಲಿನ ಮೇಲೆ ಕೂತು ರತ್ನ ಬಾಯಿ ಬಿಟ್ಟುಕೊಂಡು ಕೇಳಿದಳು. "ಅದ್ಕಾ ಅಜ್ಜಿ ಪೆಟ್ಗೇಲಿ ಆ ಕೆಂಪು ಚಿಂದಿ ಇರೋದು?" ಎಂದಳು. ಮಾತಲ್ಲಿ ಸಮಾಧಾನ ಮಾಡಿದ್ದಷ್ಟೇ ಅಲ್ಲ, ಮಾರನೆಯ ದಿನವೇ ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಈಗ ನಮ್ಮ ಕಡೆಗೂ ಬಸ್ಸಿದೆ, ಹುಲ್ಲು ಹಾಸಬೇಕಾಗಿಲ್ಲ. ನಾನು ತೋರಿಸಿಕೊಂಡಿದ್ದ ಡಾಕ್ಟರು ಈಗಿಲ್ಲ, ಚಿಕ್ಕ ವಯಸ್ಸಿನವರೊಬ್ಬರು ನೋಡಿದರು. "ಏನೂ ತೊಂದ್ರೆ ಇಲ್ಲ. ಹೆರಿಗೆ ಆದ್ಮೇಲೆ ಕೆಲವರಿಗೆ ಬೇಗ ಬರುತ್ತೆ, ಕೆಲವರಿಗೆ ತಡ. ಹೆಚ್ಚು ಹೋಗ್ತಾನೇ ಇದ್ರೆ ಮಾತ್ರ ತಕ್ಷಣ ಬನ್ನಿ, ಕಾಯ್ಬೇಡಿ" ಎಂದರು. ಆ "ಕಾಯ್ಬೇಡಿ" ಎನ್ನುವುದನ್ನು ಓದುವವರೆಲ್ಲ ನೆನಪಿಟ್ಟುಕೊಳ್ಳಿ.

ಮನೆಗೆ ಬರುವ ಹೊತ್ತಿಗೆ ಅತ್ತೆಯ ಅಡಿಗೆ ಮುಗಿದಿತ್ತು. ಈಗ ಬೆನ್ನು ಬಾಗಿದೆ, ಗಂಟಲು ಬಾಗಿಲ್ಲ. ಬಾಣಂತಿಗೆ ಸೊಪ್ಪು ಕೊಡ್ತಾರಾ ಎಂದು ಯಾರೋ ಕೇಳಿದ್ದಕ್ಕೆ ಬೀದಿಯೆಲ್ಲ ಕೇಳುವ ಹಾಗೆ ಬೈಯುತ್ತಿದ್ದರು. ರತ್ನ ಹೊರಗಾಗಿದ್ದಳಲ್ಲ, ಹಿತ್ತಲ ಕಲ್ಲಿನ ಮೇಲೆ ಕೂತಳು. ಒಳಗೆ ಕೂಸು ಹಸಿದು ಕಿರುಚುತ್ತಿತ್ತು. ನಾನು ಹೋಗಿ ರೂಢಿಯ ಹಾಗೆ ಅದರ ಅಂಗಿಯ ದಾರ ಬಿಚ್ಚಲು ಶುರು ಮಾಡಿದೆ. ಅತ್ತೆ ನನ್ನ ಕೈ ತಳ್ಳಿ, ಕೂಸನ್ನು ಹತ್ತಿ ಅಂಗಿ ಸಮೇತ ಎತ್ತಿಕೊಂಡು ಹೋಗಿ ನೇರ ರತ್ನಳ ಮಡಿಲಿಗೆ ಹಾಕಿದರು. ಕುಡಿಯುವುದು ಮುಗಿದ ಮೇಲೆ ಅದೇ ಅಂಗಿಯಲ್ಲೇ ಎತ್ತಿ ಹೆಗಲಿಗೆ ಹಾಕಿಕೊಂಡು ಒಳಗೆ ನಡೆದರು.

ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

"ಏನ್ ನೋಡ್ತೀಯಮ್ಮಿ?" ಎಂದರು ಅತ್ತೆ. "ನನ್ ಹತ್ರ ಇನ್ನೊಂದ್ ಧಾರೆ ಸೀರೆ ಇಲ್ಲ."